ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ಲ, ಲೋಡಲ್ಲಿ ಎಳೀತಿಲ್ಲ ಅಂದ್ರೆ ಡೀಸೆಲ್ ಲೈನ್ ಚೆಕ್ ಮಾಡೋದು ಹೀಗೆ

ಕೆಲಸದ ಮಧ್ಯೆ ಟ್ರ್ಯಾಕ್ಟರ್ ನಿಂತೋಯ್ತು, ಇಲ್ಲಾ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದ್ರೂ ಹತ್ತಲಿಲ್ಲ ಅಂದ್ರೆ ಪಕ್ಕದಲ್ಲಿ ನಿಂತಿರೋರು ಮೊದಲು ಹೇಳೋ ಮಾತು "ಪಂಪ್ ಹೋಗಿದೆ, ಬಿಚ್ಚಿಸ್ಬೇಕು" ಅಂತ. ಆ ಮಾತು ಕೇಳಿ ತಕ್ಷಣ ಪಂಪ್‌ಗೆ ಕೈ ಹಾಕ್ಬೇಡಿ. ಪಂಪು, ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋ ನಾಜಲ್ಲು ಎರಡೂ ಕೊನೇಲಿ ನೋಡೋ ಐಟಂಗಳು. ಡೀಸೆಲ್ ಇಂಜಿನ್ನಿಗೆ ತೊಂದ್ರೆ ಕೊಡೋದು ಬಹಳಷ್ಟು ಸಲ ಕಸ, ನೀರು, ಗಾಳಿ ಈ ಮೂರೇ, ಮತ್ತೆ ಈ ಮೂರೂ ಸೇರ್ಕೊಳ್ಳೋದು ಟ್ಯಾಂಕಿಂದ ಪಂಪ್‌ವರೆಗಿನ ದಾರೀಲಿ, ಅದನ್ನ ನಾಲ್ಕು ಸ್ಪ್ಯಾನರ್ ಇಟ್ಕೊಂಡು ನೀವೇ ನೋಡ್ಬಹುದು. ಟ್ಯಾಂಕಿಂದ ಶುರು ಮಾಡಿ ಇಂಜಿನ್ ಕಡೆಗೆ ಒಂದೊಂದೇ ಜಾಗ ದಾಟ್ಕೊಂಡು ಬರೋದೇ ಸರಿಯಾದ ದಾರಿ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಬಿಚ್ಚಿ, ಇನ್ನೊಂದು ಕಡೆ ಟೈಟ್ ಮಾಡಿ ನೋಡಿದ್ರೆ ಇರೋ ತೊಂದ್ರೆ ಜೊತೆಗೆ ಹೊಸದೊಂದು ಸೇರತ್ತೆ ಅಷ್ಟೇ.

ಮೊದಲು ಡೀಸೆಲ್ ಹೋಗೋ ದಾರಿ ತಲೇಲಿ ಇಟ್ಕೊಳ್ಳಿ. ಟ್ಯಾಂಕು, ಅದರ ಕೆಳಗೆ ಟ್ಯಾಪು, ಕೆಲವು ಗಾಡೀಲಿ ನೀರು ಕಸ ಕೂರೋಕೆ ಒಂದು ಗಾಜಿನ ಬಟ್ಟಲು, ಆಮೇಲೆ ಟ್ಯಾಂಕಿಂದ ಡೀಸೆಲ್ ಎಳೆದು ಮುಂದಕ್ಕೆ ತಳ್ಳೋ ಫೀಡ್ ಪಂಪ್, ಅದರಿಂದ ಒಂದು ಅಥವಾ ಎರಡು ಫಿಲ್ಟರ್, ಅಲ್ಲಿಂದ ದೊಡ್ಡ ಪಂಪ್ ಅಂದ್ರೆ ಇಂಜೆಕ್ಷನ್ ಪಂಪ್, ಅದರಿಂದ ಸಣ್ಣ ಉಕ್ಕಿನ ಪೈಪ್‌ಗಳು, ಕೊನೇಗೆ ನಾಜಲ್. ಮಿಕ್ಕಿದ ಡೀಸೆಲ್ ರಿಟರ್ನ್ ಪೈಪಲ್ಲಿ ವಾಪಸ್ ಬರತ್ತೆ. ಇದರಲ್ಲಿ ಪಂಪ್‌ವರೆಗಿನದ್ದು ಕಡಿಮೆ ಪ್ರೆಷರ್, ಅಲ್ಲಿ ಕೈ ಹಾಕೋಕೆ ಹೆದರ್ಬೇಕಿಲ್ಲ. ಪಂಪ್ ಆದ್ಮೇಲಿನ ಕಥೆ ಬೇರೆ, ಹಳೇ ಮೆಕ್ಯಾನಿಕಲ್ ಪಂಪ್ ಇರೋ ಟ್ರ್ಯಾಕ್ಟರಲ್ಲೇ ನಾಜಲ್ ತೆರೆದುಕೊಳ್ಳೋದು ಸುಮಾರು 150ರಿಂದ 250 ಬಾರ್ ಪ್ರೆಷರಲ್ಲಿ, ಹೊಸ ಕಾಮನ್ ರೈಲ್ (ಎಲ್ಲ ನಾಜಲ್ಲಿಗೂ ಪ್ರೆಷರ್ ಡೀಸೆಲ್ ಕೂಡಿಡೋ ಒಂದೇ ಪೈಪ್ ಇರೋ) ಇಂಜಿನ್ನಲ್ಲಿ 1000 ಬಾರ್ ದಾಟತ್ತೆ. ನಿಮ್ಮದು ಕಾಮನ್ ರೈಲ್ ಆಗಿದ್ರೆ ಫಿಲ್ಟರ್‌ವರೆಗೆ ಮಾತ್ರ ನೀವು ನೋಡಿ, ಅದರಾಚೆ ಉಕ್ಕಿನ ಪೈಪ್ ನಟ್ ಯಾವುದನ್ನೂ ಸಡಿಲ ಮಾಡ್ಬೇಡಿ, ಇಂಜಿನ್ ಓಡ್ತಿರುವಾಗಂತೂ ಮುಟ್ಟಲೇಬೇಡಿ.

ಡೀಸೆಲ್ ಲೈನಿಗೆ ಕೈ ಹಾಕೋಕೆ ಮುಂಚೆ ಡೀಸೆಲ್‌ಗೆ ಸಂಬಂಧ ಇಲ್ಲದ ಎರಡು ಮೂರು ವಿಷಯ ನೋಡ್ಬಿಡಿ. ಬ್ಯಾಟರಿ ವೀಕ್ ಇದ್ದು ಇಂಜಿನ್ ನಿಧಾನಕ್ಕೆ ತಿರುಗ್ತಿದ್ರೆ ಡೀಸೆಲ್ ಎಷ್ಟು ಚೆನ್ನಾಗಿ ಬಂದ್ರೂ ಹತ್ತಲ್ಲ, ಯಾಕಂದ್ರೆ ಒಳಗೆ ಗಾಳಿ ಕಾಯೋಷ್ಟು ಕಂಪ್ರೆಷನ್ನೇ ಸಿಗಲ್ಲ. ಏರ್ ಫಿಲ್ಟರ್ ಕಟ್ಕೊಂಡಿದ್ರೆ ಕಪ್ಪು ಹೊಗೆ, ಪವರ್ ಇಲ್ಲ, ಥೇಟ್ ನಾಜಲ್ ಹೋದ ಹಾಗೇ ಕಾಣತ್ತೆ. ಇನ್ನೊಂದು ಇಂಜಿನ್ ಆಫ್ ಮಾಡೋ ಕೇಬಲ್. ಎಳೆದು ಆಫ್ ಮಾಡಿದ್ಮೇಲೆ ಒಳಗಡೆ ಅದು ಪೂರ್ತಿ ವಾಪಸ್ ಹೋಗಿಲ್ಲ ಅಂದ್ರೆ ಪಂಪ್ ಡೀಸೆಲ್ ಕೊಡೋದೇ ಇಲ್ಲ, ನೀವು ಇಡೀ ದಿನ ಸೆಲ್ಫ್ ಹೊಡೀತಾ ಕೂತಿರ್ಬೇಕಾಗತ್ತೆ. ಬಾನೆಟ್ ಎತ್ತಿ ಪಂಪ್ ಮೇಲಿರೋ ಸ್ಟಾಪ್ ಲಿವರ್ ಕೈಯಲ್ಲಿ ಅಲ್ಲಾಡಿಸಿ, ಅದು ಓಡೋ ಪೊಸಿಷನ್ನಿಗೆ ಬಂದಿದೆಯಾ ನೋಡಿ. ಕೀ ಇಂದಲೇ ಆಫ್ ಆಗೋ ಗಾಡಿ ಆದ್ರೆ ಪಂಪ್ ಮೇಲೆ ಕರೆಂಟಲ್ಲಿ ಡೀಸೆಲ್ ಬಿಡೋ, ನಿಲ್ಸೋ ಒಂದು ಸೊಲೆನಾಯ್ಡ್ ಇರತ್ತೆ, ಕೀ ಆನ್ ಮಾಡಿದಾಗ ಟಕ್ ಅಂತ ಸಣ್ಣ ಸದ್ದು ಬರ್ಬೇಕು, ಬರ್ಲಿಲ್ಲ ಅಂದ್ರೆ ಅದರ ವೈರು, ಫ್ಯೂಸು ನೋಡಿ.

ಹೊಗೆ ಏನ್ ಹೇಳತ್ತೆ

ಇದನ್ನ ಜನ ಸರಿಯಾಗಿ ಗಮನಿಸೋದೇ ಇಲ್ಲ, ಆದ್ರೆ ಅರ್ಧ ಪರೀಕ್ಷೆ ಇಲ್ಲೇ ಮುಗಿಯತ್ತೆ. ಒಬ್ಬರು ಸೆಲ್ಫ್ ಹೊಡೀಲಿ, ನೀವು ಸೈಲೆನ್ಸರ್ ನೋಡಿ. ಇಂಜಿನ್ ಚೆನ್ನಾಗಿ ತಿರುಗ್ತಿದೆ, ಆದ್ರೆ ಹೊಗೆ ಚೂರೂ ಬರ್ತಿಲ್ಲ ಅಂದ್ರೆ ಸಿಲಿಂಡರ್ ಒಳಗೆ ಡೀಸೆಲ್ಲೇ ಹೋಗ್ತಿಲ್ಲ, ಗಾಳಿ ಹಿಡಿದಿರ್ಬಹುದು, ಕಟ್ಕೊಂಡಿರ್ಬಹುದು, ಸ್ಟಾಪ್ ಲಿವರ್ ಸಿಕ್ಕಾಕೊಂಡಿರ್ಬಹುದು. ತಿರುಗುವಾಗ ಬಿಳೀ ಹೊಗೆ ಕಣ್ಣು ಉರಿಯೋ ವಾಸನೆ ಜೊತೆ ಬರ್ತಿದ್ರೆ ಡೀಸೆಲ್ ಹೋಗ್ತಿದೆ ಆದ್ರೆ ಉರೀತಿಲ್ಲ, ಆಗ ಬ್ಯಾಟರಿ, ಚಳಿಗೆ ಹಾಕಿರೋ ಹೀಟರ್, ಕಂಪ್ರೆಷನ್, ಟೈಮಿಂಗ್ (ಡೀಸೆಲ್ ಸಿಂಪಡಿಸೋ ಸಮಯ) ಅಥವಾ ಡೀಸೆಲಲ್ಲಿ ನೀರು, ಈ ಕಡೆ ಯೋಚನೆ ಮಾಡ್ಬೇಕು, ಟ್ಯಾಂಕಿನ ಪೈಪ್ ಬಿಚ್ಚಿ ಪ್ರಯೋಜನ ಇಲ್ಲ. ಲೋಡಲ್ಲಿ ದಟ್ಟ ಕಪ್ಪು ಹೊಗೆ ಅಂದ್ರೆ ಇರೋ ಗಾಳೀಲಿ ಉರಿಯೋದಕ್ಕಿಂತ ಡೀಸೆಲ್ ಜಾಸ್ತಿ, ಅಂದ್ರೆ ಏರ್ ಫಿಲ್ಟರ್ ಅಥವಾ ಸೋರ್ತಿರೋ ನಾಜಲ್. ಲೋಡಲ್ಲಿ ಎಳೀತಿಲ್ಲ, ಹೊಗೇನೂ ಬರ್ತಿಲ್ಲ ಅಂದ್ರೆ ಡೀಸೆಲ್ ಸಾಲ್ತಿಲ್ಲ, ನೇರ ಫಿಲ್ಟರ್ ಕಡೆ ಹೋಗಿ. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯೋದು, ಅದು ಈ ಲೆಕ್ಕಕ್ಕೆ ಬರಲ್ಲ.

ಐಡಲಲ್ಲಿ ಚೆನ್ನಾಗಿ ಓಡತ್ತೆ, ರೋಟವೇಟರ್ ಇಳಿಸಿದ ತಕ್ಷಣ ಸತ್ತೋಗತ್ತೆ ಅನ್ನೋರು ಬಹಳ ಜನ. ಅದಕ್ಕೆ ಕಾರಣ ಸರಳ, ಸುಮ್ಮನೆ ಓಡುವಾಗ ಇಂಜಿನ್ನಿಗೆ ಬೇಕಾಗೋದು ತುಂಬಾ ಕಮ್ಮಿ ಡೀಸೆಲ್, ಪೂರ್ತಿ ಲೋಡಲ್ಲಿ ಅದರ ಹಲವಾರು ಪಟ್ಟು ಬೇಕು. ಅರ್ಧ ಕಟ್ಟಿರೋ ಫಿಲ್ಟರಲ್ಲಿ ಮೊದಲನೇದು ಪಾಸ್ ಆಗತ್ತೆ, ಎರಡನೇದು ಆಗಲ್ಲ. ಹಾಗಾಗಿ ಐಡಲಲ್ಲಿ ಚೆನ್ನಾಗಿದೆ ಅಂದ್ಮಾತ್ರಕ್ಕೆ ಡೀಸೆಲ್ ಲೈನ್ ಸರಿಯಿದೆ ಅಂತ ಅಲ್ಲ.

ಟ್ಯಾಂಕಿಂದ ಶುರು

ಡೀಸೆಲ್ ಇದೆಯಾ ಅಂತ ಮೀಟರ್ ನೋಡಿ ನಂಬ್ಬೇಡಿ, ಮುಚ್ಚಳ ತೆಗೆದು ಕಣ್ಣಲ್ಲಿ ನೋಡಿ. ಮುಚ್ಚಳ ತೆಗೆಯುವಾಗ ಕಿವಿ ಕೊಡಿ, ಸುಯ್ ಅಂತ ಗಾಳಿ ಒಳಗೆ ಎಳ್ಕೊಂಡ ಸದ್ದು ಬಂದ್ರೆ ಮುಚ್ಚಳದ ಗಾಳಿ ತೂತು ಮಣ್ಣಿಂದ ಮುಚ್ಕೊಂಡಿದೆ ಅಂತ ಅರ್ಥ. ಡೀಸೆಲ್ ಕೆಳಗೆ ಇಳಿದಷ್ಟೂ ಮೇಲಿಂದ ಗಾಳಿ ಒಳಗೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಡೀಸೆಲ್ ಇಳಿಯೋದು ನಿಲ್ಲತ್ತೆ. ಇದರ ಗುರುತು ಏನಂದ್ರೆ ಗಾಡಿ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ನಿಧಾನಕ್ಕೆ ಸಾಯತ್ತೆ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್ ಆಗತ್ತೆ, ಮತ್ತೆ ಸಾಯತ್ತೆ. ಇಂಥ ತೊಂದ್ರೆಗೆ ಪಂಪ್ ಇಳಿಸಿ ದುಡ್ಡು ಸುರಿದೋರಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡಿ, ತೊಂದ್ರೆ ಹೋದ್ರೆ ತೂತು ಕ್ಲೀನ್ ಮಾಡಿ.

ಹೀಗೇ ಓಡಿ ನಿಂತು ಓಡೋಕೆ ಇನ್ನೊಂದು ಕಾರಣ ಟ್ಯಾಂಕ್ ಒಳಗೆ ಬಿದ್ದಿರೋ ಎಲೆ, ಪ್ಲಾಸ್ಟಿಕ್ ಚೂರು, ಬಟ್ಟೆ ತುಂಡು. ಡೀಸೆಲ್ ಎಳೆದಾಗ ಅದು ಹೋಗಿ ಟ್ಯಾಪ್ ಬಾಯಿಗೆ ಅಂಟ್ಕೊಳ್ಳತ್ತೆ, ಇಂಜಿನ್ ನಿಂತ್ಮೇಲೆ ಎಳೆತ ಹೋಗಿ ತೇಲ್ಕೊಂಡು ಬಿಟ್ಹೋಗತ್ತೆ. ಟ್ಯಾಂಕು ಫಿಲ್ಟರಿಗಿಂತ ಎತ್ತರದಲ್ಲಿದ್ರೆ ಪರೀಕ್ಷೆ ಸುಲಭ, ಫೀಡ್ ಪಂಪಿಗೆ ಬರೋ ಪೈಪ್ ಬಿಚ್ಚಿ ಕ್ಯಾನ್ ಒಳಗೆ ಬಿಡಿ. ಪೈಪ್ ತುಂಬಾ ಒಂದೇ ಸಮ ಬರ್ಬೇಕು, ಬರ್ತಾ ಬರ್ತಾ ಸಣ್ಣ ಆಗ್ಬಾರ್ದು, ಒಂದೆರಡು ಲೀಟರ್ ಆದ್ರೂ ಬಿಟ್ಟು ನೋಡಿ, ಯಾಕಂದ್ರೆ ಕಸ ಬಂದು ಅಂಟೋಕೆ ಸ್ವಲ್ಪ ಟೈಮ್ ಬೇಕು. ಸಣ್ಣ ಆಯ್ತು ಅಂದ್ರೆ ಮುಚ್ಚಳ ತೆಗೆದಿಟ್ಟು, ಪೈಪಿನ ಈ ತುದಿಯಿಂದ ಟ್ಯಾಂಕ್ ಕಡೆಗೆ ಮೆತ್ತಗೆ ಗಾಳಿ ಊದಿ ತಾತ್ಕಾಲಿಕವಾಗಿ ಓಡಿಸ್ಬಹುದು, ಆದ್ರೆ ಕಸ ಟ್ಯಾಂಕಲ್ಲೇ ಇರತ್ತಲ್ಲ, ಬಿಡುವಾದಾಗ ಖಾಲಿ ಮಾಡಿ ತೊಳೀಲೇಬೇಕು. ಕಂಪ್ರೆಸರ್ ಗಾಳಿ ಫೀಡ್ ಪಂಪ್ ಅಥವಾ ಫಿಲ್ಟರ್ ಒಳಗೆ ಮಾತ್ರ ಹೊಡೀಬೇಡಿ, ಪಂಪ್ ಒಳಗಿನ ರಬ್ಬರ್ ಪರದೆ ಅಂದ್ರೆ ಡಯಾಫ್ರಾಮೋ ಫಿಲ್ಟರ್ ಪೇಪರೋ ಹರಿದೋಗತ್ತೆ.

ನೀರು ನೋಡೋದು ಹೀಗೆ. ಗಾಡಿ ರಾತ್ರಿ ಪೂರ್ತಿ ನಿಂತ ಮೇಲೆ ಬೆಳಿಗ್ಗೆ ಅಲ್ಲಾಡಿಸ್ದೇ ಟ್ಯಾಂಕಿನ ಇಲ್ಲಾ ಫಿಲ್ಟರ್ ಬಟ್ಟಲಿನ ಕೆಳಗಿನ ಡ್ರೈನ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡೀರಿ. ಡೀಸೆಲ್ ನೀರಿಗಿಂತ ಹಗುರ, ನೀರಿದ್ರೆ ತಳದಲ್ಲಿ ಬೇರೆಯಾಗಿ ಕೂರತ್ತೆ, ಮಧ್ಯದ ಗೆರೆ ಕಣ್ಣಿಗೆ ಕಾಣತ್ತೆ. ಬಾಟಲಿ ಪೂರ್ತಿ ಒಂದೇ ಥರ ಕಾಣ್ತಿದ್ರೆ ಎಲ್ಲ ಡೀಸೆಲ್ಲೇ ಅನ್ಕೋಬೇಡಿ, ಎಲ್ಲ ನೀರೇ ಆಗಿರಬಹುದು, ಬೆರಳಲ್ಲಿ ಉಜ್ಜಿ ವಾಸನೆ ನೋಡಿ. ಕಪ್ಪಗೆ ಲೋಳೆ ಥರ ಬಂದ್ರೆ ನೀರು ಡೀಸೆಲ್ ಸೇರೋ ಜಾಗದಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದಿದೆ ಅಂತ, ಅದು ಹೊಸ ಫಿಲ್ಟರನ್ನೂ ಬೇಗ ಕಟ್ಟಿಸಿಬಿಡತ್ತೆ, ಟ್ಯಾಂಕ್ ತೊಳೀದೇ ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದ್ರೆ ಏನೂ ಸಿಗಲ್ಲ. ಟ್ಯಾಂಕ್ ಅರ್ಧ ಖಾಲಿ ಬಿಟ್ಟು ರಾತ್ರಿ ನಿಲ್ಸಿದ್ರೆ ಒಳಗಿನ ಗಾಳಿಯ ತೇವ ತಣ್ಣಗಾಗಿ ನೀರಾಗಿ ಇಳಿಯತ್ತೆ, ಅದಕ್ಕೆ ಸಂಜೆ ಕೆಲಸ ಮುಗಿದ್ಮೇಲೆ ಟ್ಯಾಂಕ್ ತುಂಬಿಸಿ ನಿಲ್ಸೋದು ಒಳ್ಳೇದು. ಡ್ರಮ್ಮಲ್ಲಿ ಡೀಸೆಲ್ ಇಟ್ಕೊಳ್ಳೋರು ಡ್ರಮ್ ತಂದಿಟ್ಟು ಒಂದು ದಿನ ಆದ್ರೂ ಕೂರೋಕೆ ಬಿಟ್ಟು, ತಳದ ನಾಲ್ಕು ಬೆರಳಷ್ಟು ಬಿಟ್ಟು ಮೇಲಿನದ್ದು ಮಾತ್ರ ತಗೊಳ್ಳಿ.

ಗಾಳಿ ಹಿಡಿಯೋದು, ಹುಡುಕೋಕೆ ಕಷ್ಟ ಇದೇ

ಟ್ಯಾಂಕಿಂದ ಫೀಡ್ ಪಂಪ್‌ವರೆಗಿನ ಭಾಗ ಎಳೆಯೋ ಕಡೆ. ಅಲ್ಲಿ ಸಣ್ಣ ಬಿರುಕು ಇದ್ರೆ ಇಂಜಿನ್ ಓಡ್ತಿರುವಾಗ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗತ್ತೆ, ಅದಕ್ಕೇ ಎಲ್ಲೂ ಸೋರ್ತಿಲ್ಲವಲ್ಲ ಅಂತ ಜನ ಮೋಸ ಹೋಗೋದು. ಫೀಡ್ ಪಂಪ್ ಆದ್ಮೇಲೆ ತಳ್ಳೋ ಕಡೆ, ಅಲ್ಲಿ ಬಿಟ್ರೆ ಒದ್ದೆ ಕಾಣತ್ತೆ. ಗಾಳಿ ಹೋಗ್ತಿದ್ರೆ ಇಂಜಿನ್ ಐಡಲಲ್ಲಿ ಏರಿಳಿತ ಮಾಡತ್ತೆ, ಮಿಸ್ ಹೊಡಿಯತ್ತೆ, ಏರ್ ತೆಗೆದ್ರೆ ಸರಿಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಏರ್ ತೆಗೆಯೋದು ಔಷಧಿ ಅಲ್ಲ, ಮತ್ತೆ ಮತ್ತೆ ಏರ್ ಹಿಡೀತಿದೆ ಅಂದ್ರೆ ಎಲ್ಲಿಂದ ಒಳಗೆ ಬರ್ತಿದೆ ಅಂತ ಹುಡುಕ್ಬೇಕು.

ಹುಡುಕೋಕೆ ಒಳ್ಳೇ ಉಪಾಯ ಡೀಸೆಲ್ ತಡೆಯೋ ಪಾರದರ್ಶಕ ಪೈಪಿನ ಒಂದು ತುಂಡು. ಮೊದಲು ಫೀಡ್ ಪಂಪಿಗೆ ಬರೋ ಜಾಗದಲ್ಲಿ ಅದನ್ನ ಹಾಕಿ ಇಂಜಿನ್ ಓಡಿಸಿ. ಗುಳ್ಳೆ ಕಂಡ್ರೆ ತೊಂದ್ರೆ ಅದಕ್ಕಿಂತ ಹಿಂದೆ, ಟ್ಯಾಂಕ್ ಕಡೆ ಇದೆ. ಅಲ್ಲಿ ಗುಳ್ಳೆ ಇಲ್ಲ, ಫೀಡ್ ಪಂಪ್ ಆದ್ಮೇಲೆ ಹಾಕಿದಾಗ ಇದೆ ಅಂದ್ರೆ ಫೀಡ್ ಪಂಪ್ ಅಥವಾ ಅದರ ಹ್ಯಾಂಡ್ ಪ್ರೈಮರ್, ಅಂದ್ರೆ ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸೋ ಪಂಪು. ಹೀಗೆ ಜಾಗ ಬದಲಾಯಿಸ್ತಾ ಹೋದ್ರೆ ಸಿಕ್ಕೇ ಸಿಗತ್ತೆ. ಬಹಳ ಸಲ ಸಿಗೋದು ಕ್ಲಾಂಪ್ ಹತ್ರ ಬಿರುಕು ಬಿಟ್ಟ ರಬ್ಬರ್ ಪೈಪು, ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸೋ, ಒಳಗೆ ತೂತಿರೋ ಬೋಲ್ಟ್) ಎರಡೂ ಕಡೆ ಇರೋ ಹಳೇ ವಾಷರ್, ಗಾಜಿನ ಬಟ್ಟಲಿನ ಗ್ಯಾಸ್ಕೆಟ್, ಮತ್ತೆ ಫಿಲ್ಟರ್ ಬದಲಾಯಿಸುವಾಗ ಹಳೇ ರಬ್ಬರ್ ರಿಂಗ್ ಮೇಲೇ ಅಂಟ್ಕೊಂಡಿದ್ದು ಅದರ ಮೇಲೆ ಹೊಸದು ಕೂರ್ಸಿರೋದು. ಬ್ಯಾಂಜೋ ಬೋಲ್ಟ್ ಬಿಚ್ಚಿದಾಗೆಲ್ಲ ಹೊಸ ವಾಷರ್ ಹಾಕಿ, ಹಳೇದನ್ನ ಇನ್ನೂ ಟೈಟ್ ಮಾಡಿ ಸರಿಮಾಡೋಕೆ ಹೋದ್ರೆ ಬೋಲ್ಟೇ ಮುರಿಯತ್ತೆ. ರಬ್ಬರ್ ಪೈಪ್ ಹೊರಗಿಂದ ಚೆನ್ನಾಗಿ ಕಂಡ್ರೂ ಒಳಗಿನ ಪದರ ಕಿತ್ಕೊಂಡು ಕವಾಟದ ಥರ ಮುಚ್ಕೊಳ್ಳೋದೂ ಉಂಟು, ತುಂಬಾ ಹಳೇದಾಗಿದ್ರೆ ಅನುಮಾನ ಇಲ್ದೇ ಬದಲಾಯಿಸಿ.

ಬೆಳಿಗ್ಗೆ ಮಾತ್ರ ಸ್ಟಾರ್ಟ್ ಕಷ್ಟ, ಒಮ್ಮೆ ಹತ್ತಿದ್ರೆ ದಿನವಿಡೀ ಚೆನ್ನಾಗಿ ಓಡತ್ತೆ ಅನ್ನೋರು ಒಂದು ಬೆಳಿಗ್ಗೆ ಸೆಲ್ಫ್ ಹೊಡಿಯೋಕೆ ಮುಂಚೆ ಹ್ಯಾಂಡ್ ಪ್ರೈಮರ್ ಗಟ್ಟಿ ಆಗೋವರೆಗೂ ಒತ್ತಿ ನೋಡಿ. ತಕ್ಷಣ ಹತ್ತಿದ್ರೆ ರಾತ್ರಿ ಡೀಸೆಲ್ ಲೈನಿಂದ ಹಿಂದಕ್ಕೆ ಇಳಿದೋಗ್ತಿದೆ, ಫೀಡ್ ಪಂಪಿನ ವಾಲ್ವ್, ರಿಟರ್ನ್ ಪೈಪಿನ ಜಾಯಿಂಟ್ ಇವನ್ನ ನೋಡಿ. ಪ್ರೈಮರ್ ಒತ್ತಿದ್ರೂ ವ್ಯತ್ಯಾಸ ಇಲ್ಲ ಅಂದ್ರೆ ಬ್ಯಾಟರಿ, ಹೀಟರ್, ಕಂಪ್ರೆಷನ್ ಕಡೆ ತಿರುಗಿ.

ಫಿಲ್ಟರ್ ಬದಲಾಯಿಸಿ ಏರ್ ತೆಗೆಯೋದು

ಇಂಜೆಕ್ಷನ್ ಪಂಪ್ ಒಳಗೆ ಡೀಸೆಲ್ ಒತ್ತೋ ಪ್ಲಂಜರ್‌ಗೂ ಅದು ಓಡಾಡೋ ಬ್ಯಾರಲ್‌ಗೂ ಮಧ್ಯೆ ಇರೋ ಸಂದು ಕೆಲವೇ ಮೈಕ್ರಾನ್, ಕಣ್ಣಿಗೆ ಕಾಣದ ಧೂಳೂ ಅಲ್ಲಿ ಗೀರು ಹಾಕತ್ತೆ. ಅದಕ್ಕೆ ಫಿಲ್ಟರ್ ಬಿಚ್ಚೋಕೆ ಮುಂಚೆ ಆ ಜಾಗ ಪೂರ್ತಿ ಬ್ರಶ್ ಹೊಡೆದು ಒರೆಸಿ ಕ್ಲೀನ್ ಮಾಡಿ. ಕಾಟನ್ ವೇಸ್ಟ್ ಬೇಡ, ಅದರ ನೂಲು ಒಳಗೆ ಹೋಗತ್ತೆ, ನೂಲು ಬಿಡದ ಬಟ್ಟೆ ತಗೊಳ್ಳಿ. ಹಳೇ ಪೇಪರ್ ಫಿಲ್ಟರ್ ತೊಳೆದು ಮತ್ತೆ ಹಾಕೋದು ದಯವಿಟ್ಟು ಬಿಟ್ಬಿಡಿ, ತೊಳೆದಾಗ ಪೇಪರಿನ ರಂಧ್ರ ದೊಡ್ಡದಾಗತ್ತೆ ಇಲ್ಲಾ ಹರಿಯತ್ತೆ, ಉಳಿಸಿದ್ದು ಒಂದು ಫಿಲ್ಟರ್, ಹೋಗೋದು ಪಂಪು. ಎಷ್ಟು ಗಂಟೆಗೆ ಬದಲಾಯಿಸ್ಬೇಕು ಅಂತ ನಿಮ್ಮ ಗಾಡಿ ಪುಸ್ತಕದಲ್ಲಿ ಇರತ್ತೆ, ಧೂಳಲ್ಲಿ ಕೆಲಸ ಜಾಸ್ತಿ ಇದ್ರೆ ಅದಕ್ಕಿಂತ ಮುಂಚೇನೇ ಮಾಡಿ. ಹೊಸ ಫಿಲ್ಟರ್ ಒಳಗೆ ಕ್ಯಾನಿಂದ ಡೀಸೆಲ್ ಸುರಿದು ಕೂರ್ಸೋ ಅಭ್ಯಾಸಾನೂ ಬೇಡ, ಶೋಧಿಸದ ಡೀಸೆಲ್ ನೇರ ಪಂಪಿಗೆ ಹೋಗೋ ಚಾನ್ಸ್ ಇದೆ, ಪ್ರೈಮರಲ್ಲೇ ತುಂಬಿಸಿ.

ಏರ್ ತೆಗೆಯೋ ಕ್ರಮ, ಮೆಕ್ಯಾನಿಕಲ್ ಪಂಪ್ ಇರೋ ಗಾಡಿಗೆ: ಟ್ಯಾಂಕಲ್ಲಿ ಸಾಕಷ್ಟು ಡೀಸೆಲ್ ಇರ್ಲಿ, ಟ್ಯಾಪ್ ತೆರೀರಿ, ಸ್ಟಾಪ್ ಲಿವರ್ ಓಡೋ ಪೊಸಿಷನ್ನಲ್ಲಿರ್ಲಿ. ಟ್ಯಾಂಕಿಗೆ ಹತ್ತಿರದ ಫಿಲ್ಟರಿನ ಮೇಲಿರೋ ಗಾಳಿ ಬಿಡೋ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ ಪ್ರೈಮರ್ ಒತ್ತಿ, ಮೊದಲು ನೊರೆ ನೊರೆ ಬರತ್ತೆ, ಆಮೇಲೆ ಗುಳ್ಳೆ ಇಲ್ದೇ ಡೀಸೆಲ್ ಬರತ್ತೆ, ಬರ್ತಿರುವಾಗ್ಲೇ ಟೈಟ್ ಮಾಡಿ. ಆಮೇಲೆ ಎರಡನೇ ಫಿಲ್ಟರ್, ಅದಾದ್ಮೇಲೆ ದೊಡ್ಡ ಪಂಪಿನ ಮೇಲಿರೋ ಬ್ಲೀಡ್ ಸ್ಕ್ರೂ, ಇದೇ ಥರ. ಕ್ರಮ ತಪ್ಪಿದ್ರೆ ಹಿಂದಿನ ಗಾಳಿ ಮುಂದಕ್ಕೆ ಹೋಗಿ ಮತ್ತೆ ಮೊದಲಿಂದ ಮಾಡ್ಬೇಕಾಗತ್ತೆ. ಪ್ರೈಮರ್ ಲಿವರ್ ಸಡಿಲ ಆಡ್ತಿದೆ, ಹಿಡಿತಾನೇ ಸಿಗ್ತಿಲ್ಲ ಅಂದ್ರೆ ಫೀಡ್ ಪಂಪ್ ಹೋಗಿದೆ ಅನ್ಕೋಬೇಡಿ, ಒಳಗಿನ ಕ್ಯಾಮ್ ಎತ್ತಿರೋ ಜಾಗದಲ್ಲಿ ನಿಂತಿರತ್ತೆ, ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಇಷ್ಟಾದ್ರೂ ಹತ್ತಲಿಲ್ಲ ಅಂದ್ರೆ ನಾಜಲ್ ತುದೀಲಿರೋ ಪೈಪ್ ನಟ್‌ಗಳನ್ನ, ಸಾಮಾನ್ಯವಾಗಿ 17 ಅಥವಾ 19 ನಂಬರ್ ಸ್ಪ್ಯಾನರ್ ಬೀಳತ್ತೆ, ಅರ್ಧದಿಂದ ಒಂದು ಸುತ್ತು ಸಡಿಲ ಮಾಡಿ, ಮುಖ ಕೈ ದೂರ ಇಟ್ಕೊಂಡು ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿ ಬಂತು ಅಂದ್ರೆ ಸೆಲ್ಫ್ ನಿಲ್ಸಿ ಟೈಟ್ ಮಾಡಿ. ಸೆಲ್ಫ್ ಒಂದು ಸಲಕ್ಕೆ 10-15 ಸೆಕೆಂಡ್‌ಗಿಂತ ಜಾಸ್ತಿ ಹೊಡೀಬೇಡಿ, ಮಧ್ಯೆ ಒಂದು ನಿಮಿಷ ಬಿಡಿ, ಮೋಟಾರ್ ಸುಟ್ಟೋಗತ್ತೆ. ಹತ್ತಲಿಲ್ಲ ಅಂತ ಈಥರ್ ಸ್ಪ್ರೇ ಹೊಡಿಯೋದು ಬೇಡ, ಹೀಟರ್ ಪ್ಲಗ್ ಇರೋ ಇಂಜಿನ್ನಲ್ಲಿ ಅದು ಸ್ಫೋಟ ಆದ ಹಾಗೆ ಹೊತ್ತಿ ಪಿಸ್ಟನ್ ಒಡೀಬಹುದು.

ಫೀಡ್ ಪಂಪ್ ಚೆಕ್ ಮಾಡೋಕೆ ಅದರಿಂದ ಹೊರಗೆ ಹೋಗೋ ಪೈಪ್ ಬಿಚ್ಚಿ ಡಬ್ಬಿಗೆ ಹಿಡಿದು ಸೆಲ್ಫ್ ಹೊಡೆಸಿ, ಜೋರಾಗಿ ಬಿಟ್ಟು ಬಿಟ್ಟು ಬರ್ಬೇಕು. ಜಿನುಗ್ತಿದ್ರೆ ಮೊದಲು ಅದರೊಳಗಿನ ಜಾಲರಿ ನೋಡಿ, ಆಮೇಲೆ ವಾಲ್ವು, ಡಯಾಫ್ರಾಮು. ಇದರ ಜೊತೆಗೇ ಇಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಮೇಲೇರಿದೆ, ತೆಳ್ಳಗಾಗಿದೆ, ಡೀಸೆಲ್ ವಾಸನೆ ಬರ್ತಿದೆ ಅಂದ್ರೆ ಫೀಡ್ ಪಂಪ್ ಡಯಾಫ್ರಾಮ್ ಅಥವಾ ದೊಡ್ಡ ಪಂಪಿನ ಸೀಲ್ ಹೋಗಿ ಡೀಸೆಲ್ ಆಯಿಲ್‌ಗೆ ಇಳೀತಿದೆ. ಅಲ್ಲಿಗೆ ಗಾಡಿ ಓಡಿಸೋದು ನಿಲ್ಸಿ, ಆ ಆಯಿಲಲ್ಲಿ ಓಡಿಸಿದ್ರೆ ಬೇರಿಂಗ್ ಉಳಿಯಲ್ಲ.

ನಾಜಲ್ಲು, ಕೊನೇಗೆ ಪಂಪು

ಇಲ್ಲಿವರೆಗೆ ಎಲ್ಲ ಸರಿಯಿದೆ, ಆದ್ರೂ ಮಿಸ್ ಹೊಡೀತಿದೆ ಅಂದ್ರೆ ನಾಜಲ್ ಸರದಿ. ಕಾಮನ್ ರೈಲ್ ಅಲ್ಲದ ಇಂಜಿನ್ ಐಡಲಲ್ಲಿ ಓಡ್ತಿರುವಾಗ ಒಂದೊಂದೇ ನಾಜಲ್ ಪೈಪ್ ನಟ್ ಸ್ವಲ್ಪ ಸಡಿಲ ಮಾಡಿ ಟೈಟ್ ಮಾಡಿ. ಸಡಿಲ ಮಾಡಿದಾಗ ಇಂಜಿನ್ ಕುಗ್ಗಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ, ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ತೊಂದ್ರೆ ಅಲ್ಲೇ. ಆ ನಾಜಲ್ ಪಕ್ಕದ್ದಕ್ಕೆ ಬದಲಾಯಿಸಿ ನೋಡಿ, ತೊಂದ್ರೆ ಜೊತೇಲಿ ಹೋದ್ರೆ ನಾಜಲ್ ತಪ್ಪು, ಹೋಗ್ಲಿಲ್ಲ ಅಂದ್ರೆ ಕಂಪ್ರೆಷನ್ ಅಥವಾ ಪಂಪು. ನಾಜಲ್ ಇಳಿಸಿದ್ರೆ ತಳದ ತಾಮ್ರದ ವಾಷರ್ ಹೊಸದು ಹಾಕಿ, ಹಳೇದು ಒಳಗೇ ಅಂಟ್ಕೊಂಡಿದೆಯಾ ಟಾರ್ಚ್ ಬಿಟ್ಟು ನೋಡಿ.

ಇದನ್ನ ಮಾಡೋವಾಗ ಕನ್ನಡಕ, ಗ್ಲೌಸ್ ಹಾಕ್ಕೊಳ್ಳಿ, ಮತ್ತೆ ಪೈಪ್ ಎಲ್ಲಿ ಸೋರ್ತಿದೆ ಅಂತ ಕೈ ಸವರಿ ನೋಡೋ ಕೆಲಸ ಯಾವತ್ತೂ ಮಾಡ್ಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಪ್ರೆಷರಲ್ಲಿ ಬರೋ ಡೀಸೆಲ್ ಎಳೆ ಗ್ಲೌಸನ್ನೂ ಚರ್ಮಾನೂ ತೂರಿ ಒಳಗೆ ಹೋಗತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಇರಲ್ಲ, ಆದ್ರೆ ಒಳಗೆ ಮಾಂಸ ಕೊಳೆತು ಬೆರಳು, ಕೈ ಕಳ್ಕೊಳ್ಳೋ ಪರಿಸ್ಥಿತಿ ಬರತ್ತೆ. ಹಾಗೇನಾದ್ರೂ ಆದ್ರೆ ಕಾಯ್ಬೇಡಿ, ಅದೇ ಗಂಟೇಲಿ ಆಸ್ಪತ್ರೆಗೆ ಹೋಗಿ ಡೀಸೆಲ್ ಪ್ರೆಷರಲ್ಲಿ ಒಳಗೆ ಹೊಕ್ಕಿದೆ ಅಂತ ಸ್ಪಷ್ಟವಾಗಿ ಹೇಳಿ.

ಪಂಪ್ ಮೇಲೆ ಸೀಲ್ ಹಾಕಿರೋ ಸ್ಕ್ರೂಗಳನ್ನ ಪಿಕಪ್ ಜಾಸ್ತಿ ಆಗ್ಲಿ ಅಂತ ತಿರುಗಿಸ್ಬೇಡಿ. ಡೀಸೆಲ್ ಜಾಸ್ತಿ ಮಾಡಿದ್ರೆ ಕಪ್ಪು ಹೊಗೆ, ಇಂಜಿನ್ ಹೀಟ್, ಕೊನೇಗೆ ಪಿಸ್ಟನ್. ಪಂಪ್ ಟೆಸ್ಟ್ ಬೆಂಚ್ ಮೇಲೆ ಹಾಕಿ ಎಲ್ಲ ಸಿಲಿಂಡರಿಗೂ ಸಮ ಅಳತೆ ಬರ್ತಿದೆಯಾ ನೋಡ್ಬೇಕಾದ ಸಾಮಾನು, ಅದಕ್ಕೆ ಮೆಷಿನ್ ಇರೋರ ಹತ್ರಾನೇ ಕೊಡಿ. ನೀವೇ ಇಳಿಸಿ ತಗೊಂಡು ಹೋಗೋದಾದ್ರೆ ಬಿಚ್ಚೋಕೆ ಮುಂಚೆ ಪಂಪಿನ ಫ್ಲಾಂಜು (ಬೋಲ್ಟ್ ಹಾಕೋ ಅಂಚು) ಮತ್ತೆ ಇಂಜಿನ್ ಬಾಡಿ ಎರಡರ ಮೇಲೂ ಸೇರೋ ಹಾಗೆ ಒಂದು ಗೆರೆ ಕೊರೀರಿ, ಗೇರಿನ ಟೈಮಿಂಗ್ ಮಾರ್ಕ್ ಎಲ್ಲಿದೆ ಅಂತ ಫೋಟೋ ತಗೊಳ್ಳಿ, ಬಿಚ್ಚಿದ ಪೈಪ್ ಬಾಯಿಗಳಿಗೆಲ್ಲ ಕ್ಲೀನ್ ಮುಚ್ಚಳ ಇಲ್ಲಾ ಪ್ಲಾಸ್ಟಿಕ್ ಕಟ್ಟಿ. ಗೆರೆ ಕೂರದೇ ಪಂಪ್ ಹಾಕಿದ್ರೆ ಟೈಮಿಂಗ್ ಆಚೀಚೆ ಆಗಿ ಒಳ್ಳೇ ಪಂಪ್ ಕೂಡ ಬಿಳೀ ಹೊಗೆ ಕೊಡತ್ತೆ ಇಲ್ಲಾ ಇಂಜಿನ್ ಬಡಿಯತ್ತೆ. ವಾಪಸ್ ಕೂರಿಸಿದ್ಮೇಲೆ ಪಂಪ್ ಒಳಗೆ ಡೀಸೆಲ್ ತುಂಬೋವರೆಗೂ ಪ್ರೈಮರ್ ಒತ್ತಿ ಏರ್ ಪೂರ್ತಿ ತೆಗೆದು ಆಮೇಲೇನೇ ಸೆಲ್ಫ್ ಹೊಡೀರಿ, ಒಣ ಪಂಪ್ ತಿರುಗಿಸಿದ್ರೆ ಡೀಸೆಲ್ಲಿಂದಲೇ ಜಾರೋ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯತ್ತೆ.